ಸಲಹೆಗಾರರ ಸಂಬಳ ಯಾರ ಜೇಬಿನಿಂದ?

ನಿವೃತ್ತಿಯ ಹಣ ಖಾತೆಗೆ ಜಮೆಯಾದ ವಾರದೊಳಗೆ ಬ್ಯಾಂಕಿನಿಂದ ಫೋನ್ ಬರುತ್ತದೆ. ‘ಇಷ್ಟೊಂದು ದುಡ್ಡು ಎಸ್‌ಬಿ ಖಾತೆಯಲ್ಲಿ ಸುಮ್ಮನೆ ಬಿದ್ದಿದೆಯಲ್ಲ ಸರ್, ಒಮ್ಮೆ ಬ್ರಾಂಚಿಗೆ ಬನ್ನಿ.’ ಕಾಫಿ ಕೊಟ್ಟು ಕೂರಿಸುವ ರಿಲೇಷನ್‌ಶಿಪ್ ಮ್ಯಾನೇಜರ್ ಮುಂದಿಡುವುದು ಬಹುಮಟ್ಟಿಗೆ ವಿಮಾ ಪಾಲಿಸಿ, ಇಲ್ಲವೇ ಮ್ಯೂಚುವಲ್ ಫಂಡಿನ ರೆಗ್ಯುಲರ್ ಪ್ಲಾನ್. ಅವರು ಕೆಟ್ಟವರಲ್ಲ, ಟಾರ್ಗೆಟ್ ಹೊತ್ತ ನೌಕರರು. ಆದರೆ ನಮ್ಮಿಂದ ಒಂದು ರೂಪಾಯಿಯನ್ನೂ ಕೇಳದೆ ಇಷ್ಟು ಹೊತ್ತು ಸಲಹೆ ಕೊಡುವವರ ಸಂಬಳ ಎಲ್ಲಿಂದ ಬರುತ್ತದೆ ಎಂದು ನಾವು ಕೇಳುವುದಿಲ್ಲ.

ಮ್ಯೂಚುವಲ್ ಫಂಡಿನ ಮಟ್ಟಿಗಾದರೂ ಉತ್ತರ ನಮ್ಮ ಮನೆಗೇ ಬರುತ್ತದೆ. ಆರು ತಿಂಗಳಿಗೊಮ್ಮೆ ಕಳಿಸುವ ಕನ್ಸಾಲಿಡೇಟೆಡ್ ಸ್ಟೇಟ್‌ಮೆಂಟಿನಲ್ಲಿ ವಿತರಕರಿಗೆ ಸಂದ ಕಮಿಷನ್ನನ್ನು ರೂಪಾಯಿ ಲೆಕ್ಕದಲ್ಲೇ ತೋರಿಸಬೇಕೆಂದು ಸೆಬಿ 2016ರಲ್ಲಿ ಆದೇಶಿಸಿತು. ಆ ಪುಟದವರೆಗೆ ಓದುವವರು ಎಷ್ಟು ಮಂದಿಯೋ! 2009ರ ಆಗಸ್ಟ್‌ಗೆ ಮೊದಲು ಈಕ್ವಿಟಿ ಫಂಡ್‌ಗಳಲ್ಲಿ ಶೇ 2.25ರವರೆಗೆ ಎಂಟ್ರಿ ಲೋಡ್ ಎಂದು ಮೊದಲೇ ಮುರಿದುಕೊಳ್ಳುತ್ತಿದ್ದರು. ಅದು ರದ್ದಾಯಿತು, ಕಮಿಷನ್ ನಿಲ್ಲಲಿಲ್ಲ. ಫಂಡಿನ ವೆಚ್ಚದೊಳಗೆ ಸೇರಿಕೊಂಡು ವರ್ಷವರ್ಷವೂ ಹೋಗುತ್ತಿದೆ. ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್‌ಗಳು 2013ರ ಜನವರಿಯಿಂದ ಇವೆ. ರೆಗ್ಯುಲರ್ ಮತ್ತು ಡೈರೆಕ್ಟ್ ಪ್ಲಾನ್‌ಗಳ ವೆಚ್ಚದ ನಡುವಿನ ಅಂತರ ಶೇ 0.8 ಎಂದಿಟ್ಟುಕೊಂಡರೂ 50 ಲಕ್ಷ ರೂಪಾಯಿಯ ಹೂಡಿಕೆಗೆ ವರ್ಷಕ್ಕೆ 40 ಸಾವಿರ. ಹೂಡಿಕೆ ಬೆಳೆದಂತೆ ಅದೂ ಬೆಳೆಯುತ್ತದೆ. ಇದನ್ನು ಸದ್ದಿಲ್ಲದೆ ಕೊಡುತ್ತಿರುವ ಗೃಹಸ್ಥರಿಗೆ ‘ಸಲಹಾ ಶುಲ್ಕ 25 ಸಾವಿರ, ಮೇಲೆ ಶೇ 18ರ ಜಿಎಸ್‌ಟಿ’ ಎಂದು ಹೇಳಿ ನೋಡಿ, ಹೌಹಾರುತ್ತಾರೆ.

ಸ್ವತಂತ್ರ ಸಲಹೆಗಾರರು ನಮ್ಮಲ್ಲಿ ಅಪರೂಪವಾಗಿರುವುದಕ್ಕೆ ಮೊದಲ ಕಾರಣ ಇದೇ ಎಂಬುದು ನನ್ನ ಅಭಿಪ್ರಾಯ. ಹೂಡಿಕೆ ಸಲಹೆಗಾರರ ನಿಯಮಗಳನ್ನು ಸೆಬಿ ತಂದದ್ದು 2013ರಲ್ಲಿ. ಇಷ್ಟು ವರ್ಷ ಕಳೆದರೂ ನೋಂದಾಯಿತರ ಸಂಖ್ಯೆ ಸಾವಿರದ ಆಸುಪಾಸಿನಲ್ಲಿದೆ. ವಿತರಕರು ಲಕ್ಷ ದಾಟಿದ್ದಾರೆ. ನಿಯಂತ್ರಕರ ಪಾಲೂ ಇದರಲ್ಲಿದೆ. ಸಲಹೆ ಕೊಡುವವರೇ ಅದೇ ಗ್ರಾಹಕರಿಗೆ ಮಾರಾಟವನ್ನೂ ಮಾಡುವಂತಿಲ್ಲ ಎಂಬ 2020ರ ತಿದ್ದುಪಡಿ ಬೇಕಾದದ್ದೇ. ಆದರೆ ಅದರ ಜೊತೆ ಹೇರಿದ ನಿವ್ವಳ ಸಂಪತ್ತು, ಸ್ನಾತಕೋತ್ತರ ಪದವಿ, ಅನುಭವದ ಷರತ್ತುಗಳು ಒಬ್ಬಂಟಿಯಾಗಿ ಕಚೇರಿ ತೆರೆಯಲು ಹೊರಟವರನ್ನು ಹೊಸ್ತಿಲಲ್ಲೇ ತಡೆದವು. 2024ರ ಕೊನೆಯಲ್ಲಿ ಇವನ್ನು ಸಡಿಲಿಸಿದ್ದಾರೆ.

ಹುಡುಕುವುದಂತೂ ಕಷ್ಟವಲ್ಲ. ಸೆಬಿ ಜಾಲತಾಣದಲ್ಲಿ ನೋಂದಾಯಿತ ಸಲಹೆಗಾರರ ಪಟ್ಟಿ ಇದೆ, ಅವರ ಸಂಖ್ಯೆ ‘ಐಎನ್‌ಎ’ ಎಂದು ಶುರುವಾಗುತ್ತದೆ. ವಿಸಿಟಿಂಗ್ ಕಾರ್ಡಿನಲ್ಲಿ ‘ಎಆರ್‌ಎನ್’ ಕಂಡರೆ ಅವರು ವಿತರಕರು. ಕಷ್ಟ ಇರುವುದು ನಂತರದ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳುವುದರಲ್ಲಿ. ನಿಮ್ಮ ಆದಾಯ ಪೂರ್ತಿ ಶುಲ್ಕದಿಂದಲೇ ಬರುತ್ತದೆಯೇ? ಸಂಸ್ಥೆಯಾಗಿದ್ದರೆ, ಅದರ ಇನ್ನೊಂದು ವಿಭಾಗ ಫಂಡುಗಳನ್ನು ಮಾರುತ್ತಿದೆಯೇ? ಶುಲ್ಕ ನಿಗದಿತ ಮೊತ್ತವೋ, ಹೂಡಿಕೆಯ ಶೇಕಡಾವಾರು ಪಾಲೋ? ನಿಗದಿತ ಶುಲ್ಕವಾದರೆ ಒಂದು ಕುಟುಂಬಕ್ಕೆ ವರ್ಷಕ್ಕೆ 1.51 ಲಕ್ಷ ರೂಪಾಯಿ ಮಿತಿ, ಶೇಕಡಾವಾರು ಆದರೆ 2.5. ನನ್ನ ಮತ ನಿಗದಿತ ಶುಲ್ಕಕ್ಕೆ. ‘ಮೊದಲು ಗೃಹಸಾಲ ತೀರಿಸಿಬಿಡಿ’ ಎಂದರೆ ತಮ್ಮದೇ ಶುಲ್ಕ ತಗ್ಗುವಂತಿದ್ದಾಗ ಆ ಮಾತು ಹೇಳಲು ಎಂಥವರಿಗೂ ನಾಲಿಗೆ ಏಳುವುದಿಲ್ಲ.

ಸಲಹೆಗಾರರ ಖಾತೆಗೆ ಹೋಗಬೇಕಾದದ್ದು ಶುಲ್ಕ ಮಾತ್ರ. ಹೂಡಿಕೆಯ ಹಣ ನಮ್ಮ ಖಾತೆಯಿಂದ ನೇರವಾಗಿ ಫಂಡ್ ಕಂಪನಿಗೆ ಸೇರಬೇಕು. ‘ನನ್ನ ಖಾತೆಗೆ ಹಾಕಿ, ತಿಂಗಳಿಗೆ ಇಷ್ಟು ಬರುತ್ತದೆ’ ಎಂದವರು ಯಾರೇ ಆಗಲಿ, ಅಲ್ಲಿಂದ ಎದ್ದು ಬರುವುದೇ ಸರಿ. 2019ರಲ್ಲಿ ಬೆಂಗಳೂರಿನಲ್ಲಿ ಕುಸಿದ ‘ಐ ಮಾನಿಟರಿ ಅಡ್ವೈಸರಿ’ಯಲ್ಲಿ ಸಾವಿರಾರು ಕುಟುಂಬಗಳು ಕಳೆದುಕೊಂಡದ್ದು ಹೀಗೆ ಸಂಸ್ಥೆಯ ಕೈಗೇ ಒಪ್ಪಿಸಿದ ಹಣವನ್ನು.

ಎಲ್ಲರಿಗೂ ಸಲಹೆಗಾರರು ಬೇಕೆಂದೇನೂ ಇಲ್ಲ. ತಿಂಗಳಿಗೆ ಮೂರು ಸಾವಿರ ಎಸ್‌ಐಪಿ ಕಟ್ಟುವ ಯುವಕನಿಗೆ ಟರ್ಮ್ ವಿಮೆ, ಆರೋಗ್ಯ ವಿಮೆ, ಪಿಎಫ್, ಒಂದು ಇಂಡೆಕ್ಸ್ ಫಂಡ್ ಸಾಕು. ಮಾರುಕಟ್ಟೆ ಬಿದ್ದ ದಿನ ‘ಗಾಬರಿಯಾಗಬೇಡಿ, ಎಸ್‌ಐಪಿ ನಿಲ್ಲಿಸಬೇಡಿ’ ಎನ್ನುವ ಒಳ್ಳೆಯ ವಿತರಕರು ಸಿಕ್ಕರೆ ಅವರ ಕಮಿಷನ್ ದಂಡವೂ ಅಲ್ಲ. ಸಲಹೆಗಾರರ ಅಗತ್ಯ ಬೀಳುವುದು ನಿವೃತ್ತಿ, ಆಸ್ತಿ ಮಾರಾಟ, ಸಂಗಾತಿಯ ಮರಣ, ವಿದೇಶದಿಂದ ಮರಳುವಿಕೆಯಂಥ ಸಂದರ್ಭಗಳಲ್ಲಿ, ದೊಡ್ಡ ಮೊತ್ತ ಒಟ್ಟಿಗೆ ಕೈಗೆ ಬಂದು ಒಂದೇ ತಪ್ಪು ದುಬಾರಿಯಾಗುವಾಗ.

ಆ ಸಂದರ್ಭ ಕಲಬುರಗಿಯಲ್ಲೂ ಬರುತ್ತದೆ, ಶಿರಸಿಯಲ್ಲೂ ಬರುತ್ತದೆ. ವಿಡಿಯೊ ಕರೆಯಲ್ಲಿ ಮಾತುಕತೆಯೇನೋ ಕನ್ನಡದಲ್ಲಿ ಆಗಬಹುದು. ಸಹಿ ಹಾಕಬೇಕಾದ ಒಪ್ಪಂದ ಪತ್ರ ಮಾತ್ರ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ. ಶುಲ್ಕ, ಹಿತಾಸಕ್ತಿ ಸಂಘರ್ಷ, ದೂರು ಕೊಡುವ ದಾರಿ ಎಲ್ಲವೂ ಇರುವುದು ಆ ಪುಟಗಳಲ್ಲೇ. ಗ್ರಾಹಕರು ಕೇಳಿದ ಭಾಷೆಯಲ್ಲಿ ಅದರ ಪ್ರತಿ ಕೊಡಬೇಕೆಂದು ಸೆಬಿ ಕಡ್ಡಾಯ ಮಾಡಿದರೆ ಸಲಹೆಗಾರರಿಗೆ ತಗಲುವುದು ಒಂದು ಸಲದ ಅನುವಾದದ ಖರ್ಚು, ಅಷ್ಟೆ.