ನೇತ್ರಾಣಿಯ ಹವಳಕ್ಕೆ ನಮ್ಮ ಪಿಹೆಚ್ ಪ್ರೋಬ್ ಸಾಲದು

ಹಾಸ್ಟೆಲ್‌ನಲ್ಲಿ ಬಕೆಟ್‌ಗೆ ಇಳಿಬಿಡೋ ಹೀಟರ್ ಕಾಯಿಲ್ ನೋಡಿದೀರಲ್ಲ, ಒಂದು ಸೆಮಿಸ್ಟರ್ ಮುಗಿಯೋದ್ರೊಳಗೆ ಅದರ ಮೇಲೆ ಬಿಳಿ ಪದರ ಕಟ್ಟಿರುತ್ತೆ. ಬೋರ್‌ವೆಲ್‌ನ ಗಡಸು ನೀರಿನ ಕೆಲಸ ಅದು. ನೀರಲ್ಲಿ ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬೋನೇಟ್ ಬಿಸಿಯಾದಾಗ ಕಾರ್ಬನ್ ಡೈಆಕ್ಸೈಡ್ ಬಿಟ್ಟುಕೊಟ್ಟು, ಕ್ಯಾಲ್ಸಿಯಂ ಕಾರ್ಬೋನೇಟ್ ಆಗಿ ಕೂರುತ್ತದೆ. ಕೆಮಿಸ್ಟ್ರಿ ಪೇಪರಲ್ಲಿ ಎಲ್ಲರೂ ಬರೆದು ಮರೆತಿದ್ದೀವಿ. ಈಗ ಅದೇ ಸಮೀಕರಣವನ್ನ ಹಿಂದಕ್ಕೆ ಓಡಿಸಿ. ನೀರಿಗೆ ಕಾರ್ಬನ್ ಡೈಆಕ್ಸೈಡ್ ಸೇರಿಸ್ತಾ ಹೋದಷ್ಟೂ ಕಾರ್ಬೋನೇಟ್ ಕಟ್ಟೋದು ಕಷ್ಟವಾಗುತ್ತದೆ. ಸಮುದ್ರದಲ್ಲಿ ಆಗ್ತಿರೋದು ಇದೇ. ಅದರ ಪೆಟ್ಟು ತಿನ್ನುತ್ತಿರೋರಲ್ಲಿ ಹವಳವೂ ಒಂದು. (ಕುಜದೋಷ ಅಂತ ಉಂಗುರಕ್ಕೆ ಹಾಕಿಸ್ತಾರಲ್ಲ, ಆ ಕೆಂಪು ಹವಳ ಬೇರೆ ಜಾತಿ. ಇಲ್ಲಿ ಹೇಳ್ತಿರೋದು ಬಿಸಿ ಸಮುದ್ರದ ಆಳವಿಲ್ಲದ ನೀರಲ್ಲಿ ದಿಬ್ಬ ಕಟ್ಟುವ ಹವಳದ ಬಗ್ಗೆ.)

"ಹವಳ, ಸಮುದ್ರ ಎಲ್ಲ ಕರಾವಳಿಯವರ ತಲೆನೋವು, ನಂದಿಬೆಟ್ಟದ ಬುಡದಲ್ಲಿ ಕೂತಿರೋ ನಮಗೇನು" ಅನ್ನೋದು ನಮ್ಮ ಕ್ಯಾಂಪಸ್ಸಿನ ಸಹಜ ಉತ್ತರ. ನನಗೆ ಹಾಗನ್ನಿಸಲ್ಲ. ಈ ವಿಷಯದ ದೊಡ್ಡ ಭಾಗ ಈಗ ಅಳತೆಯ ಸಮಸ್ಯೆ. ಅಳತೆಯ ಸಮಸ್ಯೆ ಅಂದ್ರೆ ಎಂಜಿನಿಯರಿಂಗ್ ಸಮಸ್ಯೆ, ಅದಕ್ಕೆ ಊರಲ್ಲಿ ಸಮುದ್ರ ಇರಲೇಬೇಕು ಅಂತೇನಿಲ್ಲ.

ಕರ್ನಾಟಕದ ಕಡಲಲ್ಲೂ ಹವಳ ಇದೆ ಅಂದ್ರೆ ಎಷ್ಟೋ ಜನ ನಂಬಲ್ಲ. ಮುರುಡೇಶ್ವರದ ತೀರದಿಂದ ಸುಮಾರು 19 ಕಿಲೋಮೀಟರ್ ಒಳಗೆ ನೇತ್ರಾಣಿ ಅನ್ನೋ ಪುಟ್ಟ ದ್ವೀಪ ಇದೆ. ಮೇಲಿನಿಂದ ನೋಡಿದ್ರೆ ಹೃದಯದ ಆಕಾರ. ಇನ್‌ಸ್ಟಾಗ್ರಾಂನಲ್ಲಿ ಸ್ಕೂಬಾ ಡೈವಿಂಗ್ ಫೋಟೋ ಹಾಕೋ ಗೆಳೆಯರಲ್ಲಿ ಅರ್ಧಕ್ಕರ್ಧ ಜನ ಹೋಗಿರೋದು ಅಲ್ಲಿಗೇ. ನೌಕಾಪಡೆ ಗುಂಡಿನ ಅಭ್ಯಾಸಕ್ಕೂ ಈ ದ್ವೀಪವನ್ನ ಬಳಸಿದ್ದುಂಟು. ಅದರ ಸುತ್ತ ಬಂಡೆಗಳಿಗೆ ಅಂಟಿಕೊಂಡು ಹವಳ ಬೆಳೆಯುತ್ತಿದೆ. ಲಕ್ಷದ್ವೀಪದ ವೈಭವ ಅದಕ್ಕಿಲ್ಲ, ಆದರೆ ಅದು ನಮ್ಮ ರಾಜ್ಯದ್ದು.

ಮೊದಲು ಒಂದು ತಪ್ಪು ಕಲ್ಪನೆ ತೆಗೆದುಹಾಕೋಣ. "ಸಮುದ್ರ ಆಮ್ಲ ಆಗ್ತಿದೆ, ಹವಳ ಕರಗಿ ಹೋಗ್ತಿದೆ" ಅಂತ ವಾಟ್ಸಾಪ್‌ನಲ್ಲಿ ಓಡಾಡುತ್ತೆ. ಸಮುದ್ರದ ನೀರು ಇವತ್ತಿಗೂ ಕ್ಷಾರೀಯವೇ. ಕೈಗಾರಿಕಾ ಕ್ರಾಂತಿಗೆ ಮುಂಚೆ ಮೇಲ್ಪದರದ ಪಿಹೆಚ್ ಸುಮಾರು 8.2 ಇತ್ತು, ಈಗ ಸುಮಾರು 8.1. ಬರೀ 0.1 ತಾನೇ ಅಂತ ಮೂಗು ಮುರಿಯಬೇಡಿ, ಪಿಹೆಚ್ ಲಾಗರಿದಮ್ ಸ್ಕೇಲು. 10ರ ಘಾತ 0.1 ಎಷ್ಟು ಅಂತ ಕ್ಯಾಲ್ಕುಲೇಟರ್‌ನಲ್ಲಿ ಒತ್ತಿ ನೋಡಿ: 1.26. ಅಂದರೆ ಹೈಡ್ರೋಜನ್ ಅಯಾನುಗಳು ನೂರಕ್ಕೆ 26ರಷ್ಟು ಹೆಚ್ಚಿವೆ. ಈ ಅಯಾನುಗಳು ಕಾರ್ಬೋನೇಟನ್ನ ಹಿಡಿದು ಬೈಕಾರ್ಬೋನೇಟ್ ಮಾಡಿಬಿಡುತ್ತವೆ. ಹವಳಕ್ಕೆ ಮನೆ ಕಟ್ಟೋಕೆ ಬೇಕಿದ್ದ ಇಟ್ಟಿಗೆ ಕಡಿಮೆಯಾಯಿತು.

ಆದರೂ ಹವಳ ಸುಮ್ಮನೆ ಕೂರೋ ಜೀವಿಯಲ್ಲ. ತನ್ನ ಮೈಗೂ ಕೆಳಗಿನ ಅಸ್ಥಿಪಂಜರಕ್ಕೂ ನಡುವೆ ಒಂದು ತೆಳು ದ್ರವದ ಪದರ ಇಟ್ಟುಕೊಂಡಿರುತ್ತದೆ. ಕ್ಯಾಲ್ಸಿಯಂ ಒಳಕ್ಕೆ, ಹೈಡ್ರೋಜನ್ ಅಯಾನು ಹೊರಕ್ಕೆ, ಹೀಗೆ ಪಂಪ್ ಮಾಡಿ ಆ ಪದರದ ಪಿಹೆಚ್ಚನ್ನ ಹೊರಗಿನ ನೀರಿಗಿಂತ ಮೇಲಕ್ಕೆ ಎತ್ತಿ, ಅಲ್ಲಿ ಕಾರ್ಬೋನೇಟ್ ಹರಳು ಕಟ್ಟಿಸುತ್ತದೆ. ಪಂಪ್ ಅಂದಮೇಲೆ ಕರೆಂಟ್ ಬಿಲ್ ಇದ್ದೇ ಇರುತ್ತೆ. ಇಲ್ಲಿ ಬಿಲ್ ಕಟ್ಟೋದು ಹವಳದ ಮೈಯೊಳಗೇ ವಾಸ ಇರೋ ಸೂಕ್ಷ್ಮ ಪಾಚಿ, ತಾನು ಬಿಸಿಲಲ್ಲಿ ಮಾಡಿದ ಸಕ್ಕರೆ ಕೊಟ್ಟು. ಹೊರಗಿನ ನೀರಿನ ಪಿಹೆಚ್ ಇಳಿದಷ್ಟೂ ಪಂಪ್ ಹೆಚ್ಚು ಎತ್ತರಕ್ಕೆ ಎತ್ತಬೇಕು. ನಮ್ಮ ಜಿಲ್ಲೆಯಲ್ಲಿ ನೀರಿನ ಮಟ್ಟ ಕೆಳಗಿಳಿದಷ್ಟೂ ಮೋಟರ್‌ನ ಹೆಚ್‌ಪಿ ಏರಿಸಿಕೊಂಡು ಹೋದ ರೈತನನ್ನ ಕೇಳಿ, ಹವಳದ ಕಷ್ಟ ಅವರಿಗೆ ಬೇಗ ಅರ್ಥವಾಗುತ್ತೆ. ಇದರ ಜೊತೆ ಸಮುದ್ರ ಬಿಸಿಯಾದರೆ ಹವಳ ತನ್ನ ಪಾಚಿಯನ್ನೇ ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗಾಯಿತು. ಪಂಪ್‌ಗೆ ಲೋಡ್ ಜಾಸ್ತಿ ಆಗಿರೋ ಹೊತ್ತಲ್ಲೇ ಪವರ್ ಕಟ್.

ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ 328 ಹವಳಗಳನ್ನ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 1990ರಿಂದೀಚೆಗೆ ಸುಣ್ಣ ಕಟ್ಟುವ ವೇಗ ಶೇ. 14ರಷ್ಟು ಇಳಿದದ್ದು ಕಂಡಿತು. ಅದರಲ್ಲಿ ಬಿಸಿಯ ಪಾಲೆಷ್ಟು, ಆಮ್ಲೀಕರಣದ ಪಾಲೆಷ್ಟು ಅಂತ ಬಿಡಿಸೋದು ಸುಲಭವಲ್ಲ. ಇನ್ನೊಂದು ಕಡೆ, ಪಪುವಾ ನ್ಯೂಗಿನಿಯಲ್ಲಿ ಜ್ವಾಲಾಮುಖಿಯ ಕಾರ್ಬನ್ ಡೈಆಕ್ಸೈಡ್ ಸಮುದ್ರತಳದಿಂದ ಗುಳ್ಳೆಗುಳ್ಳೆಯಾಗಿ ಬರೋ ಜಾಗಗಳಿವೆ. ಅಲ್ಲಿ ಬಿಸಿ ಹೆಚ್ಚಿಲ್ಲ, ಪಿಹೆಚ್ ಮಾತ್ರ ಕಡಿಮೆ. ಪಿಹೆಚ್ 7.8ರ ಹತ್ತಿರ ಬಂದಾಗ ಕವಲೊಡೆಯುವ ಜಾತಿಗಳು ತೆಳುವಾಗಿ, ದುಂಡು ಬಂಡೆಯಂಥ ಪೊರೈಟಿಸ್ ಮಾತ್ರ ಮೆರೆಯುತ್ತದೆ. 7.7ರಿಂದ ಕೆಳಗೆ ಹವಳದ ದಿಬ್ಬ ಕಟ್ಟೋದೇ ನಿಲ್ಲುತ್ತದೆ.

ಈ ಪೊರೈಟಿಸ್ ಬಗ್ಗೆ ಹೇಳಲೇಬೇಕು. ವರ್ಷಕ್ಕೆ ಹೆಚ್ಚು ಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತೆ, ನೂರಾರು ವರ್ಷ ಬದುಕುತ್ತೆ. ಅದನ್ನ ಕೊರೆದು ತೆಗೆದ ಕಂಬವನ್ನ ಸೀಳಿ ಎಕ್ಸ್‌ರೇ ಹಿಡಿದರೆ ಮರದ ಉಂಗುರದ ಹಾಗೆ ವರ್ಷಕ್ಕೊಂದು ಜೋಡಿ ಪಟ್ಟಿ ಕಾಣುತ್ತದೆ. ಇದು ವರ್ಷದ ಪಟ್ಟಿಯೇ ಅಂತ 1972ರಲ್ಲಿ ಖಚಿತವಾದದ್ದು ಎನೆವೆಟಾಕ್ ದ್ವೀಪದ ಹವಳದಿಂದ. ಅಮೆರಿಕ ಅಲ್ಲಿ ಅಣುಬಾಂಬ್ ಪರೀಕ್ಷೆ ಮಾಡಿತ್ತು. ಆ ವಿಕಿರಣದ ಗುರುತು ಹವಳದೊಳಗೆ ಕೂತಿದ್ದರಿಂದ ಪಟ್ಟಿಗಳಿಗೆ ಇಸವಿ ಹಾಕೋಕೆ ಆಯಿತು! ಪ್ರತಿ ಪಟ್ಟಿಯಲ್ಲೂ ಆ ವರ್ಷದ ನೀರಿನ ವಿವರ ಇರುತ್ತೆ. ನೀರು ತಣ್ಣಗಿದ್ದರೆ ಕ್ಯಾಲ್ಸಿಯಂ ಜಾಗದಲ್ಲಿ ಸ್ಟ್ರಾನ್ಷಿಯಂ ಸ್ವಲ್ಪ ಹೆಚ್ಚು ಸೇರುತ್ತದೆ. ಆಮ್ಲಜನಕದ ಐಸೋಟೋಪ್‌ಗಳು ಉಷ್ಣತೆ ಮತ್ತು ಮಳೆಯ ಸುಳಿವು ಕೊಡುತ್ತವೆ. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರು ಲಕ್ಷದ್ವೀಪದ ಹವಳದಲ್ಲಿ ಮುಂಗಾರಿನ ಗುರುತನ್ನ ಹೀಗೆ ಓದಿದ್ದಾರೆ. ಬೋರಾನ್ ಐಸೋಟೋಪ್‌ನಿಂದ ಪಿಹೆಚ್ಚನ್ನೂ ಓದಬಹುದು.

ಆದರೆ ಬೋರಾನ್ ಹೇಳೋದು ಹವಳದ ಒಳಗಿನ ಆ ದ್ರವದ ಪಿಹೆಚ್. ಹೊರಗಿನ ಸಮುದ್ರದ್ದನ್ನ ಅದರಿಂದ ಲೆಕ್ಕ ಹಾಕಿ ತೆಗೆಯಬೇಕು. ಆ ಲೆಕ್ಕ ಸರಿಯಿದೆಯಾ ಅಂತ ನೋಡೋಕೆ ಅದೇ ಜಾಗದಲ್ಲಿ, ಅದೇ ಕಾಲದಲ್ಲಿ ಉಪಕರಣದಿಂದ ಅಳೆದ ದಾಖಲೆ ಬೇಕು. ಹವಳ ಸತ್ತರೆ ಹಳೇ ಪುಟಗಳು ಉಳಿದಾವು, ಹೊಸ ಪುಟ ಬರೆಯೋರು ಇರಲ್ಲ. ಹಾಗಾಗಿ ಅದು ಬರೆಯುತ್ತಿರೋವಾಗಲೇ ಪಕ್ಕದಲ್ಲಿ ಕೂತು ನಾವೂ ಬರೆದುಕೊಳ್ಳಬೇಕು.

ಇಲ್ಲಿಗೆ ನಮ್ಮ ಪ್ರಾಜೆಕ್ಟ್‌ಗಳ ವಿಷಯ ಬರುತ್ತೆ. ಪ್ರತಿ ಬ್ಯಾಚ್‌ನಲ್ಲೂ "ಐಒಟಿ ಆಧಾರಿತ ನೀರಿನ ಗುಣಮಟ್ಟ ಮಾಪನ" ಅಂತ ಒಂದಾದರೂ ತಂಡ ಇರುತ್ತೆ. ಆರ್ಡುಯಿನೋ, ಆನ್‌ಲೈನ್‌ನಲ್ಲಿ ತರಿಸಿದ ಪಿಹೆಚ್ ಪ್ರೋಬ್, ಒಂದು ಆ್ಯಪ್. ಎಕ್ಸಿಬಿಷನ್ ದಿನ ಗ್ಲಾಸಿಗೆ ನಿಂಬೆರಸ ಹಿಂಡಿದ್ರೆ ಗ್ರಾಫ್ ಬೀಳುತ್ತೆ, ಚಪ್ಪಾಳೆ ಬೀಳುತ್ತೆ, ಮರುದಿನ ಎಲ್ಲ ರಟ್ಟಿನ ಡಬ್ಬಕ್ಕೆ. ಆ ಪ್ರೋಬ್‌ನ ದೋಷ ಪ್ಲಸ್ ಆರ್ ಮೈನಸ್ 0.1 ಅಂತಿಟ್ಟುಕೊಳ್ಳಿ. ಸಮುದ್ರದ ಪಿಹೆಚ್ ಇಳಿಯೋದು ವರ್ಷಕ್ಕೆ ಸುಮಾರು 0.002. ಅಂದ್ರೆ 50 ವರ್ಷದ ಬದಲಾವಣೆ ನಮ್ಮ ಪ್ರೋಬ್‌ನ ತಪ್ಪಿನೊಳಗೇ ಮುಚ್ಚಿಹೋಗುತ್ತೆ.

ಅದೂ ಸಾಲದು ಅಂತ ನೇತ್ರಾಣಿಗೆ ಇನ್ನೊಂದು ತಿರುವು ಇದೆ. ಮುಂಗಾರಿನ ತಿಂಗಳುಗಳಲ್ಲಿ ನಮ್ಮ ಕರಾವಳಿಯಲ್ಲಿ ಆಳದ ತಣ್ಣೀರು ಮೇಲೆ ಬರುತ್ತದೆ. ಅದರಲ್ಲಿ ಆಮ್ಲಜನಕ ಕಡಿಮೆ, ಕಾರ್ಬನ್ ಡೈಆಕ್ಸೈಡ್ ಹೆಚ್ಚು, ಪಿಹೆಚ್ ಕಡಿಮೆ. ನೋಡಲೇಬೇಕಾದ ಕಾಲ ಅದು. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಕಡಲು ಬೇರೆ ಪ್ರಕ್ಷುಬ್ಧ, ಡೈವಿಂಗ್ ಬಂದ್. ಡಿಸೆಂಬರ್‌ನಲ್ಲಿ ಟೂರ್ ಹೋದಾಗ ಬಾಟಲಿಯಲ್ಲಿ ನೀರು ತುಂಬಿಕೊಂಡು ಬಂದು ಪೇಪರ್ ಬರೆದರೆ ಏನೂ ಹೇಳಿದಂತಾಗಲ್ಲ. ಮೇ ಕೊನೆಗೆ ನೀರಿಗಿಳಿಸಿ ಅಕ್ಟೋಬರ್‌ವರೆಗೆ ಯಾರೂ ಮುಟ್ಟದೆ ನಡೆಯೋ ಉಪಕರಣ ಬೇಕು. ಉಪ್ಪು, ಪಾಚಿ, ಚಿಪ್ಪು, ಅಲೆ, ಬ್ಯಾಟರಿ, ಎಲ್ಲವನ್ನೂ ತಡೆದುಕೊಂಡು.

ಆಗಲ್ಲ ಅನ್ನೋರಿಗೆ ಒಂದು ಉದಾಹರಣೆ. ಸಮುದ್ರದ ಪಿಹೆಚ್ ಅಳೆಯೋ ಸೆನ್ಸರ್‌ಗಾಗಿ ವೆಂಡಿ ಶ್ಮಿಟ್ ಹೆಸರಲ್ಲಿ 20 ಲಕ್ಷ ಡಾಲರ್‌ನ ಎಕ್ಸ್‌ಪ್ರೈಜ್ ಸ್ಪರ್ಧೆ ನಡೆಯಿತು. ನಿಖರತೆ, ಕಡಿಮೆ ಬೆಲೆ, ಎರಡೂ ವಿಭಾಗದಲ್ಲಿ 2015ರಲ್ಲಿ ಮೊದಲು ಬಂದದ್ದು ಸನ್‌ಬರ್ಸ್ಟ್ ಸೆನ್ಸರ್ಸ್ ಅನ್ನೋ ಸಣ್ಣ ಕಂಪನಿ. ಊರು ಮಿಸ್ಸೌಲಾ, ಅಮೆರಿಕದ ಮೊಂಟಾನಾ ರಾಜ್ಯ. ಆ ರಾಜ್ಯಕ್ಕೆ ಸಮುದ್ರವೇ ಇಲ್ಲ, ಸುತ್ತ ಬೆಟ್ಟ, ನಮ್ಮ ಹಾಗೇ! ಅವರು ಗಾಜಿನ ಪ್ರೋಬ್ ನಂಬದೆ, ನೀರಿಗೆ ಬಣ್ಣದ ಡೈ ಬೆರೆಸಿ ಅದರ ಮೂಲಕ ಬೆಳಕು ಹಾಯಿಸಿ ಅಳೆಯುವ ದಾರಿ ಹಿಡಿದರು. ಎಲ್‌ಇಡಿ, ಫೋಟೋಡಯೋಡ್, ಪುಟ್ಟ ಪಂಪ್. ಇದರಲ್ಲಿ ನಮಗೆ ಗೊತ್ತಿಲ್ಲದ ವಸ್ತು ಯಾವುದು ಹೇಳಿ?

ಪರೀಕ್ಷೆ ಮಾಡೋಕೆ ಕಂದವಾರ ಕೆರೆ ಇದೆ. ಬೆಂಗಳೂರಿನ ಸಂಸ್ಕರಿಸಿದ ನೀರು ಹೆಚ್.ಎನ್. ವ್ಯಾಲಿ ಯೋಜನೆಯಲ್ಲಿ ಅಲ್ಲಿಗೆ ಬರುತ್ತದೆ. ಪಾಚಿ ಇರೋ ಯಾವ ಕೆರೆಯಲ್ಲೂ ಪಿಹೆಚ್ ಹಗಲು ಏರಿ ರಾತ್ರಿ ಇಳಿಯುತ್ತೆ. ಮೊದಲ ವರ್ಷ ಆ ಏರಿಳಿತವನ್ನ ಒಂದು ತಿಂಗಳು ಬಿಡದೆ ಹಿಡಿದರೆ ಸಾಕು. ಎರಡನೇ ವರ್ಷ ಉಪ್ಪುನೀರು. ಒಂದೇ ಬ್ಯಾಚ್ ಮುಗಿಸೋ ಕೆಲಸ ಅಲ್ಲ, ಸೀನಿಯರ್‌ಗಳು ಜೂನಿಯರ್‌ಗಳಿಗೆ ಕೋಡ್, ಕ್ಯಾಲಿಬ್ರೇಷನ್ ಪುಸ್ತಕ ಎರಡೂ ಒಪ್ಪಿಸಿ ಹೋಗಬೇಕು. ನಮ್ಮ ವಿಭಾಗಗಳು ಇದಕ್ಕೆ ಮಾರ್ಕ್ಸ್ ಕೊಡೋ ರೀತಿಯನ್ನೂ ಬದಲಿಸಬೇಕಾಗುತ್ತೆ. ಹಿಂದಿನ ಬ್ಯಾಚ್‌ನ ಪ್ರಾಜೆಕ್ಟನ್ನ ಮುಂದುವರಿಸಿದರೆ "ಇದರಲ್ಲಿ ಹೊಸದೇನು?" ಅಂತ ವೈವಾದಲ್ಲಿ ಕೇಳೋದು ಮೊದಲು ನಿಲ್ಲಲಿ. ಡೈ ಬೇಕಾದವರು ಎಂ-ಕ್ರೆಸಾಲ್ ಪರ್ಪಲ್ ಅಂತ ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಕೇಳಿ ನೋಡಿ.