ಕೊಡುಗೈ ಸಾಲದು

ಹೆಮ್ಮಾಡಿಯಿಂದ ಕೊಲ್ಲೂರಿಗೆ ಹೋಗುವ ದಾರಿಯಲ್ಲಿ ವಂಡ್ಸೆ ಪೇಟೆ. ಚುನಾವಣೆ ಹತ್ತಿರ ಬಂದಾಗ ಉದ್ಯಮಿ ಅಭ್ಯರ್ಥಿಯ ಬಗ್ಗೆ ನಮ್ಮ ಕಡೆ ಹೇಳುವ ಮಾತೊಂದಿದೆ: "ಅವ್ರಿಗೆಂತ ಕಮ್ಮಿ ಇತ್ತ್ ಮರ್ರೆ? ತಿಂಬುಕ್ ಬಪ್ದಲ್ಲ." ದುಡ್ಡಿದ್ದವರು ತಿನ್ನಲು ಬರುವುದಿಲ್ಲ ಎಂಬ ಈ ನಂಬಿಕೆ ಸುಳ್ಳೆಂದು ನಾನು ಹೇಳುವುದಿಲ್ಲ, ಸಾಲದು ಎನ್ನುತ್ತೇನೆ.

ವಂಡ್ಸೆ ಸೇರಿರುವ ಬೈಂದೂರು ಕ್ಷೇತ್ರದಲ್ಲಿ ಉದ್ಯಮಿ ಬಿ.ಎಂ. ಸುಕುಮಾರ ಶೆಟ್ಟಿ 2013ರಲ್ಲಿ ಬಿಜೆಪಿಯಿಂದ ನಿಂತು, ಕಾಂಗ್ರೆಸ್ಸಿನ ಕೆ. ಗೋಪಾಲ ಪೂಜಾರಿಯವರೆದುರು 31 ಸಾವಿರಕ್ಕೂ ಮಿಕ್ಕಿದ ಅಂತರದಲ್ಲಿ ಸೋತರು. 2018ರಲ್ಲಿ ಅದೇ ಎದುರಾಳಿಯನ್ನು 24 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಕುಂದಾಪುರ ಎಜುಕೇಶನ್ ಸೊಸೈಟಿಯ ಶಾಲೆ ಕಾಲೇಜುಗಳನ್ನು ಮುನ್ನಡೆಸಿದವರೂ ಅವರೇ. 2023ರಲ್ಲಿ ಪಕ್ಷ ಅವರಿಗೆ ಟಿಕೆಟ್ ಕೊಡಲಿಲ್ಲ. ಸಂಘಟನೆಯ ಕೆಲಸದಿಂದ ಬಂದ ಗುರುರಾಜ ಗಂಟಿಹೊಳೆ ನಿಂತು ಗೆದ್ದರು. ಇಲ್ಲಿನ ಮತದಾರರು ದುಡ್ಡಿಗೇ ಕೈಮುಗಿಯುತ್ತಾರೆ ಎಂದರೆ ಅದು ಅನ್ಯಾಯದ ಮಾತು.

ನನ್ನ ಚಿಂತೆ ಬೇರೆ. ಉದ್ಯಮದಲ್ಲಿ ಯಜಮಾನನ ಮಾತೇ ಕೊನೆಯದು. ಬೆಳಿಗ್ಗೆ ತೀರ್ಮಾನಿಸಿದರೆ ಸಂಜೆಗೆ ಕೆಲಸ ಶುರು. ಶಾಸಕ 224 ಜನರಲ್ಲಿ ಒಬ್ಬ. ಅವನ ಕೈಯಲ್ಲಿರುವುದು ಪ್ರಶ್ನೆ, ಮಸೂದೆಯ ಮೇಲಿನ ಚರ್ಚೆ, ಬಜೆಟ್ಟಿನ ಲೆಕ್ಕ ಕೇಳುವ ಹಕ್ಕು. ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಯಬೇಕೆಂದು 2005ರಲ್ಲಿ ರಾಜ್ಯವೇ ಕಾಯ್ದೆ ಮಾಡಿಕೊಂಡಿತು. ಎಷ್ಟೋ ವರ್ಷ ಅಷ್ಟು ದಿನ ಸದನ ಸೇರಿಲ್ಲ. ಅದಕ್ಕಾಗಿ ನಮ್ಮೂರಲ್ಲಿ ಯಾರೂ ತಲೆಕೆಡಿಸಿಕೊಂಡಿದ್ದನ್ನು ನಾನು ಕಂಡಿಲ್ಲ. ಬ್ರಹ್ಮಕಲಶಕ್ಕೆ ಎಷ್ಟು ಕೊಟ್ಟರು, ಮದುವೆಗೆ ಬಂದರಾ, ಕಾಲುಸಂಕ ಮಾಡಿಸಿದರಾ ಎಂಬುದಷ್ಟೇ ನಮ್ಮ ಲೆಕ್ಕ. ಮಳೆಗಾಲದಲ್ಲಿ ಮಕ್ಕಳು ಹೊಳೆ ದಾಟುವ ಊರಿನವರು ಸಂಕ ಕೇಳುವುದು ತಪ್ಪಲ್ಲ. ಆದರೆ ಸ್ವಂತ ಜೇಬಿನಿಂದ ಬಂದ ಸಂಕಕ್ಕೆ ನಾವು ಋಣಿಗಳಾಗುತ್ತೇವೆ. ಋಣದಲ್ಲಿದ್ದವರು ಲೆಕ್ಕ ಕೇಳುವುದು ಹೇಗೆ?

ದುಡ್ಡಿದ್ದವರು ತಿನ್ನುವುದಿಲ್ಲ ಎಂಬ ಭರವಸೆ ಕಾನೂನಿಗೇ ಇಲ್ಲ. ಜನತಾ ಪ್ರಾತಿನಿಧ್ಯ ಕಾಯ್ದೆಯ 9ಎ ಕಲಮಿನ ಪ್ರಕಾರ ಸರ್ಕಾರಕ್ಕೆ ಸರಕು ಪೂರೈಸುವ, ಕಾಮಗಾರಿ ಮಾಡುವ ಗುತ್ತಿಗೆ ಇಟ್ಟುಕೊಂಡವರು ಶಾಸಕರಾಗಲು ಅನರ್ಹರು. ಲಾಭವೂ ಅಧಿಕಾರವೂ ಒಂದೇ ಕೈಗೆ ಸೇರಬಾರದೆಂಬ ಎಚ್ಚರ ಅದು.

ಜೇಬಿನಿಂದ ಕೊಡದೆಯೂ ಊರಿಗೆ ಆಗುವ ಕೆಲಸವಿದೆ. ಇದೇ ಬೈಂದೂರಿನಿಂದ ಶಾಸಕರಾಗಿದ್ದ ಅಮಾಸೆಬೈಲಿನ ಎ.ಜಿ. ಕೊಡ್ಗಿ ಮುಂದೆ ಮೂರನೇ ರಾಜ್ಯ ಹಣಕಾಸು ಆಯೋಗದ ಅಧ್ಯಕ್ಷರಾದರು. ರಾಜ್ಯದ ವರಮಾನದಲ್ಲಿ ಪಂಚಾಯತಿಗಳಿಗೆ ಎಷ್ಟು ಪಾಲು ಸಿಗಬೇಕೆಂದು ಶಿಫಾರಸು ಮಾಡುವ ಆಯೋಗ ಅದು. ಅಂಥ ಕೆಲಸಕ್ಕೆ ಅಡಿಗಲ್ಲೂ ಇಲ್ಲ, ನಾಮಫಲಕವೂ ಇಲ್ಲ. ವಂಡ್ಸೆ ಗ್ರಾಮ ಪಂಚಾಯತಿ ಮನೆಮನೆಯ ಕಸ ಒಟ್ಟುಮಾಡಿ, ಬೇರ್ಪಡಿಸಿ, ಗೊಬ್ಬರ ಮಾಡಿ ಬೇರೆ ಊರಿನವರು ಬಂದು ನೋಡುವಂತೆ ಮಾಡಿತಲ್ಲ, ಅದು ಯಾವ ಧಣಿಯ ದಾನವೂ ಅಲ್ಲ. ಪಂಚಾಯತಿಯ ಕೈಗೆ ಹಣ, ಅಧಿಕಾರ ಎರಡೂ ಬಂದರೆ ಏನಾಗುತ್ತದೆಂದು ಅಲ್ಲಿ ಕಸ ವಿಂಗಡಿಸುವ ಹೆಂಗಸರನ್ನು ನೋಡಿದರೆ ತಿಳಿಯುತ್ತದೆ. ಮುಂದಿನ ಸಲ ಮತ ಕೇಳಿಕೊಂಡು ಬಂದವರು ಉದ್ಯಮಿಯಾಗಿರಲಿ, ಕೃಷಿಕರಾಗಿರಲಿ, ಪಂಚಾಯತಿಗಳ ಈ ಪಾಲು ಹೆಚ್ಚಿಸಲು ಸದನದಲ್ಲಿ ಏನು ಮಾತಾಡುತ್ತೀರಿ ಎಂದು ಅವರನ್ನು ನಾನು ಕೇಳುವವನಿದ್ದೇನೆ.