ಪಡಸಾಲೆಗೆ ಬಂದ ಆಸ್ಪತ್ರೆ ಕೆಲಸ

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಬಹುಭಾಗ ಮೈಸೂರಿಗೆ ಸೇರಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ರಾಯದುರ್ಗದ ಕಡೆಯ ನಮ್ಮ ಕಣೇಕಲ್ಲಿನವರು ಆ ಗೆರೆಯನ್ನು ಮದುವೆಯಲ್ಲೂ ಲೆಕ್ಕಕ್ಕಿಡಲಿಲ್ಲ, ಕಾಯಿಲೆಯಲ್ಲೂ ಇಡಲಿಲ್ಲ. ಕಾಲೇ ಕೈಕೊಟ್ಟಾಗ ಮೊದಲು ನೆನಪಾಗುವುದು ಬಳ್ಳಾರಿ. ಸರಕಾರಿ ಚಿಕಿತ್ಸೆಯ ಕಾರ್ಡು ಆಂಧ್ರದ್ದಾದ್ದರಿಂದ ಕೆಲವರು ಅನಂತಪುರಕ್ಕೆ, ಬತ್ತಲಪಲ್ಲಿಯ ಆಸ್ಪತ್ರೆಗೆ ಹೋಗುತ್ತಾರೆ. ಕೈಯಲ್ಲಿ ದುಡ್ಡಿದ್ದವರಿಗೆ ಬೆಂಗಳೂರು. 2007ರಲ್ಲಿ ಆಂಧ್ರದ ಉಚಿತ ಚಿಕಿತ್ಸೆಯ ಯೋಜನೆ ಆರೋಗ್ಯಶ್ರೀ ಬಂದ ಮೇಲೆ ಬಡವರ ಮನೆಯಲ್ಲೂ ‘ದೊಡ್ಡ ಆಪರೇಷನ್’ ಎಂದರೆ ಹೊಲ ಮಾರುವುದು ಎಂಬ ಹೆದರಿಕೆ ಕಡಿಮೆಯಾಯಿತು. ಇಷ್ಟು ಒಳ್ಳೆಯದಾಗಿದೆ; ಅದನ್ನು ಮೊದಲೇ ಹೇಳಿಬಿಡೋಣ.

ಹಿಂದೆ ಹೀಗಿರಲಿಲ್ಲ. ಬಚ್ಚಲಲ್ಲಿ ಜಾರಿ ಬಿದ್ದ ಅಜ್ಜಿಯನ್ನು ಮೂಳೆ ಕೂಡಿಸುವ ಪುತ್ತೂರು ಕಟ್ಟಿಗೆ ಒಯ್ಯುತ್ತಿದ್ದರು, ಇಲ್ಲವೇ ಮಂಚಕ್ಕೆ ಒಪ್ಪಿಸುತ್ತಿದ್ದರು. ಮುಂಗೈ ಮುರಿದರೆ ಕಟ್ಟು ಕೂಡಿಸೀತು. ತೊಡೆಮೂಳೆಯ ಕುತ್ತಿಗೆ ಹಾಗಲ್ಲ. ಅಲ್ಲಿ ಮುರಿದು ಜಾರಿದರೆ ಮೂಳೆಯ ತಲೆಗೆ ಹೋಗುವ ರಕ್ತವೇ ನಿಂತುಹೋಗಬಹುದು, ಎಷ್ಟು ಬಿಗಿದು ಕಟ್ಟಿದರೂ ಕೂಡುವುದು ಕಷ್ಟ. ‘ಬಿದ್ದ ಮೇಲೆ ಮುದುಕಿ ಏಳಲೇ ಇಲ್ಲ’ ಎನ್ನುವ ಮಾತಿನ ಹಿಂದೆ ಎಷ್ಟೋ ಸಲ ಇದ್ದದ್ದು ಇಷ್ಟೇ.

ಸೊಂಟದ ಕೀಲನ್ನೇ ಬದಲಾಯಿಸಲು ಹೊರಟ ಇಂಗ್ಲೆಂಡಿನ ವೈದ್ಯ ಜಾನ್ ಚಾರ್ನ್‌ಲಿ ಮೊದಲು ಟೆಫ್ಲಾನ್ ಬಟ್ಟಲು ಕೂರಿಸಿ ನೋಡಿದ. ಅದು ಬೇಗ ಸವೆದುಹೋಯಿತು. 1962ರಲ್ಲಿ ಪಾಲಿಥಿಲೀನ್ ಬಟ್ಟಲಿಗೆ ಬಂದ ಮೇಲೆ ಕೀಲು ಬಾಳಿಕೆ ಬಂತು. ಆ ಕಾಲದಲ್ಲಿ ರೋಗಿಗಳನ್ನು ವಾರಗಟ್ಟಲೆ ಹಾಸಿಗೆಯಲ್ಲೇ ಇಡುತ್ತಿದ್ದರು. ಈಗ ಆಪರೇಷನ್ನಾದ ದಿನವೋ ಮರುದಿನವೋ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ, ಕೆಲವೇ ದಿನಗಳಲ್ಲಿ ಮನೆಗೆ ಕಳಿಸುತ್ತಾರೆ. ಎಲ್ಲರೂ ಇದನ್ನು ಪ್ರಗತಿ ಎನ್ನುತ್ತಾರೆ, ಪ್ರಗತಿಯೇ ಹೌದು. ಆದರೆ ಆಸ್ಪತ್ರೆಯಲ್ಲಿ ನರ್ಸು, ಫಿಸಿಯೊಥೆರಪಿಸ್ಟು ನೋಡಿಕೊಳ್ಳುತ್ತಿದ್ದ ಅಷ್ಟೂ ದಿನಗಳ ಕೆಲಸ ನಮ್ಮ ಪಡಸಾಲೆಗೆ ಬಂದು ಬಿದ್ದಿದೆ. ಅದನ್ನು ಯಾರು ಮಾಡಿಸಬೇಕು ಎಂದು ಯಾರೂ ಕೇಳಲಿಲ್ಲ.

ಮನೆಯಲ್ಲಿ ವ್ಯಾಯಾಮ ಮಾಡಿಸುವವಳು ಸೊಸೆ. ಅವಳ ಕೈಗೆ ಸಿಕ್ಕಿರುವುದು ಗೆರೆಚಿತ್ರಗಳ ಒಂದು ಹಾಳೆ. ಅನಂತಪುರದಿಂದ ಬಂದರೆ ತೆಲುಗು, ಬಳ್ಳಾರಿಯಿಂದ ಬಂದರೆ ಕನ್ನಡ. ನಮ್ಮೂರಿಗೆ ಎರಡೂ ನಡೆಯುತ್ತವೆ, ತೊಡಕು ಭಾಷೆಯದಲ್ಲ. ‘ಎದ್ದು ಓಡಾಡಬೇಡ, ಕೀಲು ಸಡಿಲವಾದೀತು’ ಎನ್ನುವ ನೆಂಟರು ದಿನಕ್ಕೆ ನಾಲ್ವರು ಬರುತ್ತಾರೆ. ಹಣ್ಣು ತರುವವರನ್ನು ಬೈಯುವುದು ಹೇಗೆ? ತಿಂಗಳಾಗುವಷ್ಟರಲ್ಲಿ ವಾಕರ್ ಮೇಲೆ ಟವೆಲ್ಲು ಒಣಗುತ್ತಿರುತ್ತದೆ. ಕುಂಡಿಯ ಸ್ನಾಯು ಬಲಗೊಳ್ಳದೆ, ಹೊಸ ಕೀಲು ಗಟ್ಟಿಯಾಗಿದ್ದರೂ ನಡಿಗೆ ಕುಂಟುತ್ತಲೇ ಉಳಿಯುತ್ತದೆ. ದೂರು ಮಾತ್ರ ಡಾಕ್ಟರ ಮೇಲೆ.

ಆ ಹಾಳೆಯಲ್ಲಿರುವುದು ಕಷ್ಟದ್ದೇನಲ್ಲ. ಮಲಗಿದ್ದಾಗ ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು. ಮೊಣಕಾಲನ್ನು ಹಾಸಿಗೆಗೆ ಒತ್ತಿ ತೊಡೆಯನ್ನು ಬಿಗಿಹಿಡಿದು ಬಿಡುವುದು. ಕುಂಡಿಯನ್ನು ಬಿಗಿಹಿಡಿದು ಬಿಡುವುದು. ಹಿಂದಿನಿಂದ ಕೊಯ್ದು ಕೂರಿಸಿದ ಕೀಲಾದರೆ ಮೊದಲ ಆರರಿಂದ ಹನ್ನೆರಡು ವಾರ ತೊಂಬತ್ತು ಡಿಗ್ರಿಗಿಂತ ಬಾಗಬಾರದು, ಕಾಲ ಮೇಲೆ ಕಾಲು ಹಾಕಬಾರದು, ಪಾದವನ್ನು ಒಳಕ್ಕೆ ತಿರುಗಿಸಬಾರದು. ಊರುಗೋಲು ಹಿಡಿಯಬೇಕಾದ್ದು ಆಪರೇಷನ್ನಾದ ಕಾಲಿನ ಎದುರು ಕೈಯಲ್ಲಿ. ನಮ್ಮಲ್ಲಿ ಬಹಳ ಮಂದಿ ನೋವಿನ ಕಡೆಗೇ ಹಿಡಿಯುತ್ತಾರೆ ಎಂದರೆ ಬಸ್ ಸ್ಟ್ಯಾಂಡಿನಲ್ಲಿ ಕೂತು ನೋಡಿದ ಯಾರೂ ಇಲ್ಲವೆನ್ನಲಾರರು. ಕಟ್ಟೆ ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಕಾಲು ಮೊದಲು.

ಇದನ್ನೆಲ್ಲ ಕಲಿಸಬೇಕಾದ ಹೊತ್ತು ಆಪರೇಷನ್ನಿಗೆ ಮುಂಚಿನದು. ಮುಂಚೆ ಮಾಡಿದ ವ್ಯಾಯಾಮದಿಂದ ವರ್ಷದ ಮೇಲೂ ಪವಾಡ ಕಾಣುವುದಿಲ್ಲ, ಮೊದಲ ಕೆಲವು ವಾರ ಹಗುರಾದೀತು ಎಂದಷ್ಟೇ ಸಂಶೋಧನೆಗಳನ್ನು ನೋಡಿ ಹೇಳಬಹುದು. ಅಷ್ಟಾದರೂ ಸಣ್ಣದಲ್ಲ. ನೋವಿಲ್ಲದ ಕಾಲಿಗೂ ತೋಳಿಗೂ ಬಲ ಬಂದಿದ್ದರೆ, ವಾಕರ್ ಹಿಡಿಯುವುದು ಮೊದಲೇ ರೂಢಿಯಾಗಿದ್ದರೆ, ಮರುದಿನ ಏಳುವಾಗ ಅಳುಕಿರುವುದಿಲ್ಲ. ಜಾರಿ ಬಿದ್ದು ಮುರಿದುಕೊಂಡವರಿಗೆ ಈ ಅವಕಾಶವಿಲ್ಲ, ನಿಜ. ಆದರೆ ಸ್ಟಿರಾಯ್ಡ್‌ನಿಂದಲೋ ಕುಡಿತದಿಂದಲೋ ಮೂಳೆಯ ತಲೆ ಸತ್ತು ನಲವತ್ತರೊಳಗೇ ಕೀಲು ಬದಲಾಯಿಸಿಕೊಳ್ಳುವ ಗಂಡಸರು ತಾರೀಖಿಗಾಗಿ ತಿಂಗಳುಗಟ್ಟಲೆ ಕಾಯುತ್ತಾರೆ. ಕಾಯುವಾಗ ಮಾಡುವುದೇನು? ಮಾತ್ರೆ ನುಂಗುವುದು.

ಹಾಳೆಗೆ ಗೊತ್ತಿಲ್ಲದ ಸಂಗತಿಗಳೂ ಇವೆ. ಈಜು, ಸೈಕಲ್ಲು ಎಂದು ಅದರಲ್ಲಿರುತ್ತದೆ. ತುಂಗಭದ್ರೆಯ ಹೈಲೆವೆಲ್ ಕಾಲುವೆಯ ಕೆಳಗೆ ಗದ್ದೆಯಲ್ಲಿ ನಾಟಿ ಮಾಡುವವಳು ಕೆಸರಲ್ಲಿ ಕಾಲೂರಿ ಬಾಗಬಹುದೇ? ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವವನ ಸ್ಟೂಲು ಎಷ್ಟು ಎತ್ತರವಿರಬೇಕು? ಕೂತಾಗ ಮೊಣಕಾಲು ಸೊಂಟಕ್ಕಿಂತ ಮೇಲೇರಬಾರದು ಎಂಬ ಒಂದೇ ಮಾತು ಅವನ ಎರಡು ವರ್ಷದ ಸಂಬಳಕ್ಕೆ ಸಮ. ನೆಲದ ಊಟ, ಕುಕ್ಕರಗಾಲಿನ ಪಾಯಿಖಾನೆ, ನಮಾಜು, ದೀರ್ಘದಂಡ ನಮಸ್ಕಾರ ಇವನ್ನು ಬಿಡಬೇಕೋ, ಎಷ್ಟು ದಿನ ಬಿಡಬೇಕೋ ಎಂಬುದು ಡಿಸ್ಚಾರ್ಜ್ ಕಾಗದದಲ್ಲಿ ಇರುವುದೇ ಇಲ್ಲ. ಕೆಲವರು ಹೆದರಿ ಜೀವಮಾನವಿಡೀ ಬಿಡುತ್ತಾರೆ, ಕೆಲವರು ಹದಿನೈದನೇ ದಿನವೇ ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ.

ಹಿರಿಯರ ಆರೋಗ್ಯಕ್ಕೆಂದು ಕೇಂದ್ರ ಸರಕಾರ 2010ರಲ್ಲಿ ಶುರುಮಾಡಿದ ಕಾರ್ಯಕ್ರಮದ ಕಾಗದದಲ್ಲಿ ಸಮುದಾಯ ಆರೋಗ್ಯ ಕೇಂದ್ರದ ಮಟ್ಟದಲ್ಲೇ ಪುನರ್ವಸತಿ ಕಾರ್ಯಕರ್ತರ ಮಾತಿದೆ. ಹೊಸ ಹುದ್ದೆಗಾಗಿ ಕಾಯದೆಯೂ ಮಾಡಬಹುದಾದ ಕೆಲಸವಿದೆ. ಆಪರೇಷನ್ನಿನ ತಾರೀಖು ಬರೆದುಕೊಡುವ ದಿನ ಸೊಸೆಯನ್ನೋ ಮಗನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಅರ್ಧ ತಾಸು ಮಾಡಿಸಿ ತೋರಿಸಿದರಾಯಿತು. ಹಾಳೆಯನ್ನು ಆಶಾ ಕಾರ್ಯಕರ್ತೆಗೂ ಒಂದು ಕೊಟ್ಟರಾಯಿತು; ಬಾಣಂತಿಯ ಮನೆಗೆ ಹೇಗೂ ಹೋಗುವವಳು ಪಕ್ಕದ ಮನೆಯ ವಾಕರ್ ಎಲ್ಲಿದೆ ಎಂದು ಕೇಳಿ ಬರಬಲ್ಲಳು.